ಕನಸಿನೊಳಗೆ ಎಚ್ಚರವಾಗುವ ಮೊದಲು...

ಮುಂಬಯಿಗೆ ಬಂದು 30 ವರ್ಷವಾಯಿತು. ಕನಸು ಮಾತ್ರ ಇನ್ನೂ ಧಾರವಾಡದ ಮನೆಯದೇ ಬೀಳುತ್ತದೆ. ಆ ಮನೆ ಮಾರಿಯಾಯಿತು, ಅವ್ವನೂ ಇಲ್ಲ. ಇದು ಕನಸು ಅಂತ ಕನಸಲ್ಲೇ ಗೊತ್ತಾದರೆ ಅವಳ ಜೊತೆ ಎರಡು ಮಾತಾಡಬಹುದಲ್ಲ ಎಂಬ ಆಸೆಗೆ 'ಲೂಸಿಡ್ ಡ್ರೀಮಿಂಗ್' ಕಲಿಯಲು ಹೊರಟೆ.

ಇದೇನು ಬುರುಡೆಯಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ನಡೆಸಿದ ಪ್ರಯೋಗದಲ್ಲಿ ಅಲನ್ ವರ್ಸ್ಲಿ ಎಂಬಾತ ಕನಸಿನೊಳಗಿಂದಲೇ ಕಣ್ಣು ಎಡಕ್ಕೆ ಬಲಕ್ಕೆ ಹೊರಳಿಸಿ, ಮೊದಲೇ ಗೊತ್ತುಮಾಡಿಕೊಂಡಿದ್ದ ಸನ್ನೆ ಕೊಟ್ಟ. ಯಂತ್ರ ಅದನ್ನು ದಾಖಲಿಸಿತು.

ಕಲಿಯುವುದು ಹೇಗೆ? ಎದ್ದ ಕೂಡಲೇ ಕನಸು ಬರೆದಿಡಿ. ಹಗಲಲ್ಲಿ ಆಗಾಗ ಯಾವುದಾದರೂ ಬೋರ್ಡನ್ನು ಎರಡು ಸಲ ಓದಿ, 'ಇದು ಕನಸೇ?' ಎಂದು ಕೇಳಿಕೊಳ್ಳಿ. ಕನಸಲ್ಲಾದರೆ ಅಕ್ಷರ ಸಾಮಾನ್ಯವಾಗಿ ಬದಲಾಗಿರುತ್ತದೆ. ಇನ್ನೊಂದು, ಐದು ತಾಸು ಮಲಗಿ, ಅಲಾರಂ ಇಟ್ಟು ಎದ್ದು, ಮತ್ತೆ ಮಲಗುವುದು.

ನನ್ನ ತಕರಾರು ಈ ಅಲಾರಂ ಮೇಲೆ. ಕನಸು ತುಂಬಿದ ಆರ್‌ಇಎಂ ನಿದ್ದೆ ಹೆಚ್ಚಾಗಿ ಬರುವುದೇ ಬೆಳಗಿನ ಜಾವ. ಬೆಳಗಿನ ಲೋಕಲ್ ಹಿಡಿಯಲು ನಾವು ದಿನಾ ಕತ್ತರಿ ಹಾಕುವುದೂ ಅದಕ್ಕೇ! ಇರುವ ನಿದ್ದೆಯನ್ನೂ ಒಡೆದುಕೊಂಡ ನನಗೆ ದಕ್ಕಿದ್ದು, ಟ್ರೈನಲ್ಲಿ ತೂಕಡಿಸಿ ಇಳಿಯುವ ಸ್ಟೇಷನ್ ತಪ್ಪಿಸಿಕೊಂಡದ್ದಷ್ಟೇ.

ಅಲಾರಂ ಬಿಟ್ಟೆ, ನೋಟ್‌ಬುಕ್ ಬಿಡಲಿಲ್ಲ. ಒಂದು ಭಾನುವಾರ ಮನಸಾರೆ ಮಲಗಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಇದು ಕನಸು ಅಂತ ಹೊಳೆಯಿತು. ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಎಚ್ಚರವಾಯಿತು. ಆದರೂ ಅವಳನ್ನು ಕಂಡೆನಲ್ಲ!

ಕಲಿಯಿರಿ, ಬೇಡವೆನ್ನುವುದಿಲ್ಲ. ಮೊದಲು ಕಣ್ತುಂಬ ನಿದ್ದೆ ಮಾಡಿ. ನೀವೇನಂತೀರಿ?