ಇಲಿಯ ಮಿದುಳು ಮತ್ತು ಶ್ರಾವಕನ ಅನುಮೋದನೆ

ಅಭಿಷೇಕದ ಕಲಶವನ್ನು ಹಿಡಿಯಹೋಗಿ ನಡುಗುವ ಕೈಗಳನ್ನು ನಮ್ಮ ಬಸದಿಗಳಲ್ಲಿ ಕಾಣದವರಿಲ್ಲ. ಆಯುರ್ವೇದವು ಕಂಪವಾತವೆಂದೂ ಇಂದಿನ ವೈದ್ಯಶಾಸ್ತ್ರವು ಪಾರ್ಕಿನ್ಸನ್ ರೋಗವೆಂದೂ ಕರೆಯುವ ಈ ಬೇನೆಯಲ್ಲಿ ಡೋಪಮೈನ್ ಸ್ರವಿಸುವ ಮಿದುಳಿನ ಕೋಶಗಳು ಕ್ರಮೇಣ ಸಾಯುತ್ತವೆ. ಸತ್ತ ಕೋಶಗಳ ಸ್ಥಾನದಲ್ಲಿ ಹೊಸವನ್ನು ನೆಡುವ ಪ್ರಯೋಗಗಳು ನಾಲ್ಕು ದಶಕಗಳಿಗೂ ಮಿಕ್ಕು ಪ್ರಾಣಿಗಳ ಮೇಲೆ ನಡೆದಿವೆ. ಇವನ್ನು ಸಮರ್ಥಿಸುವ ನಮ್ಮವರೇ ಆದ ಕೆಲವು ವಿದ್ಯಾವಂತರು ಒಂದು ಮಾತನ್ನು ಮುಂದಿಡುತ್ತಾರೆ: ಇದು ಕೃಷಿ, ವಾಣಿಜ್ಯಗಳಲ್ಲಿ ಒದಗುವ ಉದ್ಯೋಗೀ ಹಿಂಸೆಯಂತೆಯೇ, ಗೃಹಸ್ಥನಿಗೆ ಇದರ ದೋಷ ಅಲ್ಪ. ಈ ಮಾತನ್ನು ಖಂಡಿಸದೆ ವಿಧಿಯಿಲ್ಲ.

ಪ್ರಯೋಗದಲ್ಲಿ ನಡೆಯುವುದೇನು? ಇಲಿಗೆ ಈ ರೋಗ ತಾನಾಗಿ ಬರುವುದಿಲ್ಲ. ಆದುದರಿಂದ ಅದರ ಮಿದುಳಿನ ಒಂದು ಪಾರ್ಶ್ವಕ್ಕೆ 6-ಹೈಡ್ರಾಕ್ಸಿಡೋಪಮೈನ್ ಎಂಬ ವಿಷವನ್ನು ಚುಚ್ಚಿ ಡೋಪಮೈನ್ ಕೋಶಗಳನ್ನು ಕೊಲ್ಲುತ್ತಾರೆ. ಬಳಿಕ ಕೆಲವು ಔಷಧಗಳನ್ನು ಕೊಟ್ಟಾಗ ಇಲಿ ಒಂದೇ ದಿಕ್ಕಿಗೆ ಸುತ್ತತೊಡಗುತ್ತದೆ; ಆ ಸುತ್ತುಗಳ ಎಣಿಕೆಯೇ ರೋಗದ ಅಳತೆ. 1979ರಲ್ಲಿ ಗರ್ಭಸ್ಥ ಇಲಿಮರಿಗಳ ಮಿದುಳಿನ ಕೋಶಗಳನ್ನು ಇಂಥ ಇಲಿಗಳಲ್ಲಿ ನೆಟ್ಟಾಗ ಸುತ್ತು ತಗ್ಗಿತು. 2015ರಲ್ಲಿ, ಮಾನವ ಕಾಂಡಕೋಶಗಳಿಂದ ಬೆಳೆಸಿದ ಕೋಶಗಳನ್ನು ಸುಂಡಿಲಿಗಳಲ್ಲಿ ನೆಟ್ಟು, ಅವುಗಳ ಚಟುವಟಿಕೆಯನ್ನು ಬೆಳಕಿನ ಮೂಲಕ ತಡೆದಾಗ ಚಲನೆಯ ದೋಷ ಮರಳಿ ಕಾಣಿಸಿತು. ಕೃಷ್ಣರಾಜನಗರದ ಕಾವೇರಿ ಬಯಲಿನಲ್ಲಿ ಗದ್ದೆ ಉಳುವ ರೈತನ ನೇಗಿಲಿಗೆ ಹುಳು ಸಿಕ್ಕಿ ಸಾಯಬಹುದು. ಅದನ್ನು ಕೊಲ್ಲಬೇಕೆಂದು ಅವನು ಉಳುವುದಿಲ್ಲ. ಪ್ರಯೋಗಶಾಲೆಯಲ್ಲಾದರೋ ವಿಷವನ್ನು ಅಳೆದು, ಸ್ಥಾನವನ್ನು ಗುರುತಿಸಿ ಚುಚ್ಚಲಾಗುತ್ತದೆ. ಇದು ಸಂಕಲ್ಪೀ ಹಿಂಸೆ. ಅಣುವ್ರತವನ್ನು ಸ್ವೀಕರಿಸಿದ ಗೃಹಸ್ಥನೂ ತ್ಯಜಿಸಬೇಕಾದುದು ಇದನ್ನೇ.

'ಇಲಿ ಕೇವಲ ಒಂದು ಮಾದರಿ' ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಅದರ ಮಿದುಳು ನಮ್ಮದನ್ನು ಹೋಲುವುದರಿಂದಲೇ ಅಲ್ಲವೆ ಅದನ್ನು ಆರಿಸಿಕೊಂಡದ್ದು? ಫಲಿತಾಂಶವನ್ನು ಪಡೆಯುವಾಗ ಹೋಲಿಕೆ ಬೇಕು, ನೋವನ್ನು ಲೆಕ್ಕಹಾಕುವಾಗ ಹೋಲಿಕೆ ಬೇಡ ಎನ್ನುವುದು ಯಾವ ನ್ಯಾಯ? 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯು ಸಾಧ್ಯವಾದಲ್ಲಿ ದೊಡ್ಡ ಪ್ರಾಣಿಗಳ ಬದಲು ಇಲಿ, ಮೊಲ, ಕಪ್ಪೆಗಳನ್ನು ಬಳಸಬೇಕೆನ್ನುತ್ತದೆ. ಕಾಯಿದೆಗೆ ಇಲಿ ಚಿಕ್ಕದು; ನಮಗೆ ಅದೂ ಪಂಚೇಂದ್ರಿಯ ಜೀವವೇ.

ಪ್ರತಿಪಕ್ಷದ ಬಲವಾದ ವಾದವನ್ನೂ ಮರೆಮಾಚಬಾರದು. 2025ರಲ್ಲಿ ಜಪಾನಿನ ಕ್ಯೋಟೋದಲ್ಲಿ 7 ಮಂದಿಗೂ ಉತ್ತರ ಅಮೆರಿಕದಲ್ಲಿ 12 ಮಂದಿಗೂ ನೆಟ್ಟ ಕೋಶಗಳು ಉಳಿದು, ಗಂಭೀರ ಅಪಾಯವಾಗಲಿಲ್ಲವೆಂಬ ವರದಿಗಳು ಬಂದಿವೆ. ಇದು ಸಂತೋಷದ ವಿಷಯವೇ. ಆದರೆ 2001ರಲ್ಲಿ ಪ್ರಕಟವಾದ, 40 ರೋಗಿಗಳ ಅಮೆರಿಕದ ಪರೀಕ್ಷೆಯನ್ನೂ ನೆನೆಯಬೇಕು. ಇಲಿಗಳಲ್ಲಿ ಫಲಿಸಿದ ಗರ್ಭಸ್ಥ ಕೋಶಗಳ ನಾಟಿಯು ಅಲ್ಲಿ ಮುಖ್ಯ ಅಳತೆಯಲ್ಲಿ ಲಾಭ ತೋರಲಿಲ್ಲ. ಕೆಲವರಿಗೆ ಹಿಡಿತಕ್ಕೆ ಸಿಗದ ಅಂಗಚಲನೆಗಳು ಗಂಟುಬಿದ್ದವು. ಇಲಿಯ ಸಾವು ಮನುಷ್ಯನ ಕ್ಷೇಮಕ್ಕೆ ಹೊಣೆಪತ್ರವಲ್ಲ.

ಹಾಗೆಂದು ಮಾತ್ರೆ ನುಂಗುವ ಹಿರಿಯರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರಿಗೆ ನೆಮ್ಮದಿ ಕೊಡುವ ಲೆವೊಡೋಪಾದ ಹಿಂದೆಯೂ 1950ರ ದಶಕದ ಮೊಲಗಳ ಮೇಲಿನ ಪ್ರಯೋಗಗಳಿವೆ. ರೋಗಿಗೆ ಔಷಧವನ್ನು ನಿರಾಕರಿಸುವುದು ಅಹಿಂಸೆಯಲ್ಲ. ಆದರೆ ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ನಮ್ಮನ್ನು ಮುಟ್ಟುತ್ತದೆ. ಫಲವನ್ನು ಉಂಡು, ಅದರ ಮೂಲವನ್ನು ಕೇಳದೆ ಸುಮ್ಮನಿರುವುದು ಅನುಮೋದನೆಯೇ ಸರಿ.

ಸುಮ್ಮನಿರದೆ ಮಾಡಬಹುದಾದುದೇನು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಾನವ ಮಿದುಳು ಬ್ಯಾಂಕ್ ಆರಂಭವಾಯಿತು. 2009ರಲ್ಲಿ ಆ ಸಂಸ್ಥೆಯ ಸಂಶೋಧಕರು ಮೃತರ ಮಿದುಳುಗಳನ್ನು ಪರೀಕ್ಷಿಸಿ, ಭಾರತೀಯರಲ್ಲಿ ವಯಸ್ಸಾದಂತೆ ಡೋಪಮೈನ್ ಕೋಶಗಳು ಗಣನೀಯವಾಗಿ ಕುಗ್ಗುವುದಿಲ್ಲವೆಂದು ವರದಿ ಮಾಡಿದರು. ಮನುಷ್ಯನ ರೋಗವನ್ನು ಮನುಷ್ಯನ ಮಿದುಳಿನಲ್ಲಿಯೇ ಅರಿಯುವ ದಾರಿಯಿದು. ಹೊಸ ಔಷಧಗಳ ಪರೀಕ್ಷೆಗೆ ಪ್ರಾಣಿಯೇತರ ವಿಧಾನಗಳನ್ನು ನಮ್ಮ ದೇಶದ ನಿಯಮಗಳೂ 2023ರ ತಿದ್ದುಪಡಿಯಲ್ಲಿ ಅಂಗೀಕರಿಸಿವೆ.

ಆದುದರಿಂದ ನಮ್ಮ ಬಸದಿಗಳ ಟ್ರಸ್ಟುಗಳಿಗೆ ಎರಡು ಬಿನ್ನಹ. ಔಷಧದಾನದ ನಿಧಿಯಿಂದ ಸಂಶೋಧನೆಗೆ ಹಣ ಕೊಡುವಾಗ, ಅದು ಪ್ರಾಣಿರಹಿತ ವಿಧಾನಗಳಿಗೇ ಸಲ್ಲಬೇಕೆಂಬ ಷರತ್ತನ್ನು ಬರೆಯಿಸಿರಿ. ನೇತ್ರದಾನದಂತೆ ಮಿದುಳುದಾನದ ಸಂಕಲ್ಪವನ್ನೂ ಕುಟುಂಬಗಳಲ್ಲಿ ಮೂಡಿಸಿರಿ. ಮರಣಾನಂತರ ಕೆಲವೇ ಗಂಟೆಗಳಲ್ಲಿ ಆಗಬೇಕಾದ ಈ ಕಾರ್ಯಕ್ಕೆ ದೂರದ ಊರುಗಳಿಂದ ವಾಹನದ ಏರ್ಪಾಟು ಕಷ್ಟವಾದರೆ, ಟ್ರಸ್ಟು ಅದನ್ನು ವಹಿಸಿಕೊಳ್ಳಲಿ. ಇಲಿಗೆ ಅಭಯ, ರೋಗಿಗೆ ಔಷಧ, ಲೋಕಕ್ಕೆ ಜ್ಞಾನ: ಚತುರ್ವಿಧ ದಾನಗಳಲ್ಲಿ ಮೂರು ಇಲ್ಲಿ ಒಂದಾಗುತ್ತವೆ.

ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯ ಹೆಸರನ್ನು ಒಂದು ಮುನಿಪರಂಪರೆಯೇ ಹೊತ್ತಿತ್ತು. ಅಲ್ಲಿಯ ತ್ರಿಕೂಟ ಬಸದಿಗೆ ಕೈಮುಗಿಯುವ ನಾವು ಜೀವದಯೆಯನ್ನು ಭಿತ್ತಿಚಿತ್ರವಾಗಿಸಿ ಸುಮ್ಮನಾಗಬಾರದು. ನಡುಗುವ ಕೈಯನ್ನು ಹಿಡಿಯೋಣ. ಅದಕ್ಕಾಗಿ ಇನ್ನೊಂದು ಜೀವವನ್ನು ನಡುಗಿಸದ ದಾರಿಗೆ ನಮ್ಮ ಹಣವನ್ನೂ ದೇಹವನ್ನೂ ಕೊಡೋಣ.