ಗೋಡೆಗೇರಿದ ಹುಟ್ಟು

ಕಳೆದ ತಿಂಗಳು ಬೆಂಗಳೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ನಮ್ಮ ಹಿರೇಕೊಟ್ನೆಕಲ್ಲಿನ ಹುಡುಗ. ಇಂದು ದೊಡ್ಡ ಉದ್ಯೋಗದಲ್ಲಿದ್ದಾನೆ. ಪಡಸಾಲೆಯ ಗೋಡೆಯ ಮೇಲೆ ಒಂದು ಹುಟ್ಟನ್ನು ಅಡ್ಡಲಾಗಿ ಜಡಿದಿದ್ದ. ಊಟದ ಮೇಜಿನ ಮೇಲೆ ಪುಟ್ಟ ಹರಿಗೋಲೊಂದು ಬೋರಲಾಗಿ ತೂಗುತ್ತಿತ್ತು, ಒಳಗೆ ವಿದ್ಯುದ್ದೀಪ. "ಆಂಟಿಕ್ ಸರ್, ನೂರೈವತ್ತು ವರ್ಷದ್ದು" ಎಂದ ಹೆಮ್ಮೆಯಿಂದ. ಶುಭಕಾರ್ಯದ ದಿನ ಬೇಡವೆಂದು ಸುಮ್ಮನಾದೆ. ಇಲ್ಲಿ ಹೇಳುತ್ತಿದ್ದೇನೆ, ಅವನೂ ಓದುತ್ತಾನೆಂದು ಬಲ್ಲೆ.

ನೂರೈವತ್ತು ವರ್ಷವೆಂಬುದು ಮಾರಿದವನ ಕಥೆ. ಇಂತಹ ವಸ್ತುಗಳಲ್ಲಿ ನೂರು ವರ್ಷ ತುಂಬಿದವನ್ನಷ್ಟೇ 1972ರ ಕಾಯಿದೆಯು ಪುರಾವಸ್ತುವೆಂದು ಗಣಿಸುತ್ತದೆ. ಬಿದಿರಿನ ದಬ್ಬೆಗಳಿಂದ ಹೆಣೆದ ಹರಿಗೋಲು ನೀರಿನಲ್ಲಿ ನೆನೆದು, ಬಿಸಿಲಿಗೆ ಒಣಗಿ, ಕೆಲವೇ ವರ್ಷಗಳಲ್ಲಿ ಸವೆಯುತ್ತದೆ. ಅಂಬಿಗನು ಮತ್ತೊಂದನ್ನು ಹೆಣೆಯುತ್ತಾನೆ. ಹಳೆಯದಾಗಿರುವುದು ಆ ವಿದ್ಯೆ, ಬುಟ್ಟಿಯಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ, ಹದಿನೈದಿಪ್ಪತ್ತು ಜನ ಹಿಡಿಸುವ ದೋಣಿಗಳನ್ನು ಇಲ್ಲಿ ಕಂಡು ಬೆರಗಾಗಿ ಬರೆದಿದ್ದಾನೆ. ಅವು ತಿರುಗುತ್ತಲೇ ಸಾಗುವುದನ್ನೂ ಗಮನಿಸಿದ್ದಾನೆ. ಚರ್ಮದ ಸ್ಥಾನಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಅಷ್ಟೇ.

ಬಾಲ್ಯದಲ್ಲಿ ಅಜ್ಜಿಯೊಡನೆ ಚೀಕಲಪರ್ವಿಯ ಬಳಿ ತುಂಗಭದ್ರೆಯನ್ನು ದಾಟಿದ ನೆನಪಿದೆ. ಕುಳಿತುಕೊಳ್ಳಲು ಹಲಗೆಯಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ. ಕಾಳಿನ ಚೀಲ, ಮೇಕೆ, ಮಕ್ಕಳು, ಎಲ್ಲರನ್ನೂ ತೂಕ ನೋಡಿ ಸುತ್ತ ಕೂಡಿಸುತ್ತಿದ್ದವನು ಅಂಬಿಗಜ್ಜ. "ಎದ್ದು ನಿಂದರಬ್ಯಾಡ ತಮ್ಮಾ" ಎಂದು ನನ್ನನ್ನು ಗದರಿದ್ದ. ಅವನ ಹುಟ್ಟಿನ ಹಿಡಿ ಅಂಗೈ ಸವೆತದಿಂದ ಕನ್ನಡಿಯಂತೆ ನುಣುಪಾಗಿತ್ತು. ಮಗೂ, ನಿನ್ನ ಗೋಡೆಯ ಹುಟ್ಟಿನ ಹಿಡಿಯನ್ನು ನಾನು ಮುಟ್ಟಿ ನೋಡಿದೆ. ಅದೂ ಹಾಗೆಯೇ ನುಣುಪಾಗಿದೆ, ಮೇಲೆ ವಾರ್ನಿಷ್ ಬಳಿದಿದ್ದಾರೆ.

"ನಾವು ಕೊಳ್ಳದಿದ್ದರೆ ಒಲೆಗೆ ಹೋಗುತ್ತಿತ್ತಲ್ಲ" ಎಂದು ನೀನು ವಾದಿಸಬಹುದು. ಹೋಗಲಿ. ಅಂಬಿಗನ ಮನೆಯ ಒಲೆಯಲ್ಲಿ ಉರಿದು ರೊಟ್ಟಿ ಬೇಯಿಸುವುದು ಹುಟ್ಟಿಗೆ ಅವಮಾನವಲ್ಲ. ಯಾವ ದಡದ್ದು, ಯಾರ ಕೈಯದು ಎಂಬುದನ್ನು ಅಳಿಸಿ ಅಂಗಡಿಯವನು ಬೆಲೆ ಕಟ್ಟಿದನಲ್ಲ, ಅದು ಅವಮಾನ. ಹೊಳೆಯಲ್ಲಿ ದುಡಿಯುತ್ತಿದ್ದ ಅಂಬಿಗರ ಚೌಡಯ್ಯನಂತಹ ವಚನಕಾರನನ್ನು ಪಾಠದಲ್ಲಿ ಓದಿದವರು ನಾವು!

ಇನ್ನೊಂದು ಮಾತು. ಹರಿಗೋಲು ಗತಕಾಲದ ವಸ್ತುವೆಂದು ನಗರದವರು ಭಾವಿಸಿದ್ದಾರೆ. ನಮ್ಮ ಜಿಲ್ಲೆಯಲ್ಲಿಯೇ, ಕೃಷ್ಣೆಯ ಕುರ್ವಕಲಾ ನಡುಗಡ್ಡೆಯ ಬಳಿ, 2020ರ ಆಗಸ್ಟ್‌ನಲ್ಲಿ ಹದಿಮೂರು ಜನರಿದ್ದ ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. ನಿನ್ನ ದೀಪದ ಬೆಲೆ ನೀನೇ ಹೇಳಿದೆ. ಅಷ್ಟು ಹಣಕ್ಕೆ ಒಂದು ತೆಪ್ಪದವರಿಗೆಲ್ಲ ಜೀವರಕ್ಷಕ ಅಂಗಿ ಬರುತ್ತಿತ್ತು.

ಹುಟ್ಟನ್ನು ಕಿತ್ತೆಸೆಯೆಂದು ಹೇಳಲಾರೆ. ಅದು ಎಲ್ಲಿಂದ ಬಂತೆಂದು ಮಾರಿದವನನ್ನು ವಿಚಾರಿಸು. ದಸರಾ ರಜೆಗೆ ಊರಿಗೆ ಬಂದಾಗ ಮಕ್ಕಳನ್ನೂ ಕರೆದುಕೊಂಡು ಬಾ. ಚೀಕಲಪರ್ವಿಯ ದಡಕ್ಕೆ ಹೋಗೋಣ, ಕಾರು ನಿನ್ನದು, ಬುತ್ತಿ ನಮ್ಮ ಮನೆಯದು.