ಗಟ್ಟಿ ಓದು: ವೇಗವೊಂದೇ ಸಾಕೇ?



ಚಿಕ್ಕೇರೂರು ಭಾಗದ ಒಂದು ಶಾಲೆಗೆ ಹೋಗಿದ್ದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಪಾಠವನ್ನು ಒಂದೇ ರಾಗದಲ್ಲಿ ಸರಸರನೆ ಓದಿ ಮುಗಿಸಿದಳು. ತಪ್ಪು ಒಂದೂ ಇರಲಿಲ್ಲ. ‘ಶಭಾಶ್’ ಎಂದೆ. ನಂತರ ‘ಕತೆಯಲ್ಲಿ ಹುಡುಗ ಯಾಕೆ ಅತ್ತ?’ ಎಂದು ಕೇಳಿದರೆ ಉತ್ತರವಿಲ್ಲ. ಅದೇ ಹುಡುಗಿ ಊಟದ ಬಿಡುವಿನಲ್ಲಿ ಗೆಳತಿಗೆ, ‘ಯವ್ವಾ, ಆ ನಾಯಿ ಹೆಂಗ ಬೆನ್ನ ಹತ್ತಿ ಬಂತು ಗೊತ್ತೇನ!’ ಎನ್ನುತ್ತಿದ್ದಳು. ದನಿ ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು ಎಂದು ಆಕೆಗೆ ಯಾರೂ ಕಲಿಸಿರಲಿಲ್ಲ. ಪುಸ್ತಕ ಹಿಡಿದ ಕೂಡಲೇ ಆ ದನಿ ಎಲ್ಲಿ ಹೋಯಿತು?

ಅದನ್ನು ಕಳೆದವರು ನಾವೇ ಎಂಬುದು ನನ್ನ ಅಭಿಪ್ರಾಯ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಗುರಿಯಂತೆ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು. ನಾವು 60 ಅನ್ನು ಹಿಡಿದುಕೊಂಡೆವು, ‘ಅರ್ಥಸಹಿತ’ವನ್ನು ಬಿಟ್ಟೆವು. ನಾನೂ ಎಷ್ಟೋ ದಿನ ಗಡಿಯಾರ ನೋಡಿಯೇ ಅಂಕ ಕೊಟ್ಟಿದ್ದೇನೆ. ‘ಬರುತ್ತಿದ್ದಾರೆಯೇ’ ಎಂಬಂತಹ ಉದ್ದ ಪದಗಳಿರುವ ಕನ್ನಡಕ್ಕೆ ಬರೀ ಪದಗಳ ಎಣಿಕೆ ಸರಿಯಾದ ಅಳತೆಯೂ ಅಲ್ಲ. ಅಮೆರಿಕದ ರಾಷ್ಟ್ರೀಯ ಓದು ಸಮಿತಿಯ 2000ದ ವರದಿಯೂ ನಿರರ್ಗಳ ಓದಿಗೆ ವೇಗ, ನಿಖರತೆಗಳ ಜೊತೆಗೆ ಸೂಕ್ತ ಭಾವವನ್ನು ಸೇರಿಸಿದೆ.

ಇದು ಭಾಷಾ ಶಿಕ್ಷಕರ ಕೆಲಸ, ವಿಜ್ಞಾನದವರಿಗೇಕೆ ಎನ್ನಬಹುದು. ದನಿ ಎಂದರೆ ಕಂಪನ ತಾನೇ? ಮಕ್ಕಳು ಗಂಟಲ ಮೇಲೆ ಬೆರಳಿಟ್ಟು ‘ಆ’ ಎನ್ನಲಿ. ಕಂಪನ ಬೆರಳಿಗೇ ತಿಳಿಯುತ್ತದೆ. ರಬ್ಬರ್ ಬ್ಯಾಂಡನ್ನು ಬಿಗಿಯಾಗಿ ಎಳೆದು ಮೀಟಿದರೆ ಸ್ವರ ಏರುತ್ತದೆ. ಧ್ವನಿತಂತುಗಳು ಬಿಗಿಯಾದಾಗಲೂ ಹೀಗೆಯೇ. ಈಗ ‘ಬಸ್ಸು ಬಂತು.’ ‘ಬಸ್ಸು ಬಂತು?’ ಎಂದು ಹೇಳಿಸಿ. ಅಕ್ಷರಗಳು ಅವೇ, ಸ್ವರ ಬೇರೆ, ಅರ್ಥವೂ ಬೇರೆ.

ಇನ್ನೊಂದು ಚಟುವಟಿಕೆ. ಕಪ್ಪುಹಲಗೆಯ ಮೇಲೆ ‘ಅವ್ವ ನಿನ್ನೆ ಹಾವೇರಿಗೆ ಹೋದಳು’ ಎಂದು ಬರೆಯಿರಿ. ಯಾರು ಹೋದರು? ಯಾವಾಗ? ಎಲ್ಲಿಗೆ? ಪ್ರತಿ ಪ್ರಶ್ನೆಗೂ ಇಡೀ ವಾಕ್ಯವನ್ನೇ ಉತ್ತರವಾಗಿ ಓದಿಸಿ. ಒತ್ತು ತಾನಾಗಿಯೇ ಸರಿಯಾದ ಪದದ ಮೇಲೆ ಬೀಳುತ್ತದೆ. ಅರ್ಥವಾಗದ ಮಗುವಿಗೆ ಇದು ಸಾಧ್ಯವಿಲ್ಲ. ಆದ್ದರಿಂದ ಭಾವಪೂರ್ಣ ಓದು ಅಲಂಕಾರವಲ್ಲ, ತಿಳಿವಳಿಕೆಯ ಪರೀಕ್ಷೆ.

ಕನ್ನಡದಲ್ಲಿ ಕ್ರಿಯಾಪದ, ಪ್ರಶ್ನೆಯ ಗುರುತು ಎರಡೂ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಆದ್ದರಿಂದ ಕಣ್ಣು ನಾಲಿಗೆಗಿಂತ ಮುಂದೆ ಓಡಬೇಕು. ಮೊದಲು ಮೌನವಾಗಿ ಒಮ್ಮೆ ಓದಲು ಬಿಡಿ, ನಂತರ ನೀವು ಓದಿ ತೋರಿಸಿ, ಆಮೇಲೆ ಗಟ್ಟಿಯಾಗಿ ಓದಿಸಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಮಕ್ಕಳೇ ಪೆನ್ಸಿಲಿನಿಂದ ಗೆರೆ ಎಳೆಯಲಿ.

ಅಕ್ಷರ ಕೂಡಿಸಲು ಇನ್ನೂ ತಡವರಿಸುವ ಮಗುವಿನಿಂದ ಭಾವವನ್ನು ಈಗಲೇ ಕೇಳುವುದು ತಪ್ಪು. ಅದಕ್ಕೆ ಮೊದಲು ಅಕ್ಷರ ಗಟ್ಟಿಯಾಗಲಿ. ನಾಟಕೀಯವಾಗಿ ಕೂಗಿಸುವುದೂ ಬೇಡ. ಮಗು ಮನೆಮಾತಿನಲ್ಲಿ ಕತೆ ಹೇಳುವಾಗ ‘ಶುದ್ಧವಾಗಿ ಹೇಳು’ ಎಂದು ಅರ್ಧಕ್ಕೆ ತಡೆಯಬೇಡಿ. ಪುಸ್ತಕಕ್ಕೆ ಬೇಕಾದ ದನಿ ಅಲ್ಲಿಯೇ ಇದೆ.

ನಾಳೆ ಒಂದು ದಿನ ಗಡಿಯಾರ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಮಗುವಿನ ಓದನ್ನು ಕೇಳಿ. ಕತೆ ನಿಮಗೆ ತಿಳಿದರೆ ಮಗುವಿಗೂ ತಿಳಿದಿದೆ ಎಂದರ್ಥ.